ಕೊಪ್ಪಳದ ಸೆರೆಯಾಳು

ನಾಗರತ್ನಾ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಜಟ್ಟೆಪ್ಪನದು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸ. ಕೊಪ್ಪಳದ ಕಡೆಯಿಂದ ಬಂದು ಕೃಷ್ಣರಾಜಪುರದಲ್ಲಿ ಬಾಡಿಗೆ ಕೋಣೆ ಹಿಡಿದವರೆಲ್ಲ ಸೇರಿ, ೧೮೫೮ರಲ್ಲಿ ತಮ್ಮೂರ ಕೋಟೆಯಲ್ಲಿ ಬ್ರಿಟಿಷರೊಂದಿಗೆ ನಡೆದ ಕಾಳಗವನ್ನು ಒಂದು ಭಾನುವಾರ ಬಯಲಿನಲ್ಲಿ ಆಡಿ ತೋರಿಸುವುದೆಂದು ನಿಶ್ಚಯಿಸಿದ್ದರು. ಆಟ ಕಟ್ಟಿದವರು ಲಕ್ಷ್ಮಿಕಾಂತ ಮೇಷ್ಟ್ರು.

"ಅಪ್ಪಾ, ನಿಂದೇನು ಪಾರ್ಟು?" ಎಂದು ಮಗಳು ಕೇಳಿದ್ದಳು.

"ಸೆರೆ ಸಿಕ್ಕವರೊಳಗ ಒಬ್ಬಾಂವ. ಗುಂಡು ಹಾರಸ್ತಾರ, ಸಾಯತೀನಿ."

"ಮಾತು?"

"ಸಾಯಾಂವಗ ಎಂಥಾ ಮಾತವ್ವಾ!"

ಒಂದೂ ಮಾತಿಲ್ಲದ ಪಾತ್ರಕ್ಕೆ ಅಪ್ಪ ತಿಂಗಳಿಡೀ ಕೆಲಸ ಮುಗಿಸಿ ತಾಲೀಮಿಗೆ ಓಡುವುದು ನಾಗರತ್ನಾಳಿಗೆ ನಾಚಿಕೆ ತಂದಿತ್ತು. ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೂ ಜೊತೆಗೆ ಕೆಲಸ ಮಾಡುವ ಲುಬ್ನಾಗೆ ಹೇಗೋ ಗೊತ್ತಾಗಿ, "ನಂಗ್ಯಾಕೆ ಹೇಳ್ಲಿಲ್ಲ? ನಾನೂ ಬರ್ತೀನಿ ಕಣೇ" ಎಂದವಳು ಆ ಭಾನುವಾರ ಶಿವಾಜಿನಗರದಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ಇಬ್ಬರೂ ಅವ್ವ ಜಟ್ಟೆಮ್ಮನ ಪಕ್ಕದಲ್ಲಿ, ಹಗ್ಗ ಕಟ್ಟಿದ್ದ ಅಂಚಿನಲ್ಲೇ ಕುಳಿತರು.

ಸೆಂಟ್ರಿಂಗ್ ಶೀಟು, ಸರ್ವೆ ಮರಗಳಿಂದ ಕಟ್ಟಿದ ಕೋಟೆ ಎರಡಾಳೆತ್ತರ ನಿಂತಿತ್ತು. ಪೈಪಿನ ಫಿರಂಗಿ ಹೊಗೆ ಉಗುಳಿತು. ಕೆಂಪು ಕೋಟಿನವರು ಏಣಿ ಹಾಕಿದರು, ಒಳಗಿನವರು ಕತ್ತಿ ಹಿಡಿದು ತಡೆದರು. ಕಡೆಗೆ ಬಾಗಿಲು ಮುರಿಯಿತು. ನಾಯಕರು ಬಿದ್ದರು. ಉಳಿದ ಹನ್ನೆರಡು ಜನರ ಕೈಗೆ ಹಗ್ಗ ಬಿಗಿದು ಗೋಡೆಗೆ ನಿಲ್ಲಿಸಿದರು. ಜಟ್ಟೆಪ್ಪ ಮೂರನೆಯವನು.

"ಸೆರೆ ಸಿಕ್ಕವರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಎಷ್ಟೋ ಜನರ ಹೆಸರು ನನಗೂ ಗೊತ್ತಿಲ್ಲ," ಮೈಕಿನಲ್ಲಿ ಮೇಷ್ಟ್ರ ದನಿ ಇಳಿಯಿತು.

ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಲು ಬಂದ ಸಿಪಾಯಿಗೆ ಜಟ್ಟೆಪ್ಪ ಬೇಡವೆಂದು ತಲೆಯಾಡಿಸಿದ. ಕೆಂಪು ಕೋಟಿನವರ ಕಪ್ತಾನ ಎತ್ತಿದ್ದ ಕೈ ಕೆಳಗಿಳಿಸಿದ. ಗುಂಡಿನ ಸದ್ದಿಗೆಂದು ಗೋಡೆಯ ಹಿಂದೆ ಇಟ್ಟಿದ್ದ ಪಟಾಕಿ ಸರ ಸಿಡಿಯಿತು. ಹನ್ನೆರಡೂ ಜನ ಉರುಳಿದರು.

ಆಗಲೇ ಪಟಾಕಿಯ ಉರಿಯುವ ಕಾಗದದ ಚೂರೊಂದು ಹಾರಿಬಂದು ಜಟ್ಟೆಪ್ಪನ ಮುಂಗೈ ಮೇಲೆ ಬಿತ್ತು.

"ಯಾ ಅಲ್ಲಾ! ಅಂಕಲ್ ಕೈ!" ಲುಬ್ನಾ ಕಿರುಚಿದಳು.

ಬರಿಯ ಚರ್ಮದ ಮೇಲೆ ಕಿಡಿ ಹೊಗೆಯಾಡುತ್ತಿತ್ತು. ಅವನು ಕದಲಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ನಾಗರತ್ನಾ ಹಗ್ಗ ದಾಟಲು ಎದ್ದಳು. ಜಟ್ಟೆಮ್ಮ ಅವಳ ರಟ್ಟೆ ಹಿಡಿದು ಜಗ್ಗಿದಳು.

"ಕುಂದ್ರು. ನಿಮ್ಮಪ್ಪ ಈಗ ಸತ್ತಾರ. ಅವರ ಸಾವು ಕೆಡಸಬ್ಯಾಡ."

ಕಿಡಿ ತಾನಾಗಿ ಕಂದಿ ಬೂದಿಯಾಯಿತು. ಹೆಂಗಸರು ದೀಪ ಹಿಡಿದು ಬಂದು ಹೆಣಗಳ ಸುತ್ತ ನಿಲ್ಲುವವರೆಗೂ, ಮೇಷ್ಟ್ರು ಕೊನೆಯ ಮಾತು ಮುಗಿಸುವವರೆಗೂ ಜಟ್ಟೆಪ್ಪ ಹಾಗೇ ಬಿದ್ದಿದ್ದ. ಕುಳಿತಿದ್ದ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಚಪ್ಪಾಳೆ ಹೊಡೆದರು, ನಿಲ್ಲಿಸಲಿಲ್ಲ.

"ಆ ಮೂರನೆಯವ್ರು ಯಾರ್ ಗುರು?" ಹಿಂದೆ ಯಾರೋ ಕೇಳಿದರು.

ನಾಗರತ್ನಾ ತಿರುಗಿದಳು. "ನಮ್ಮಪ್ಪ ರೀ!" ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು.

ಹತ್ತಿರ ಓಡಿಹೋಗಿ ನೋಡಿದರೆ ಮುಂಗೈಯಲ್ಲಿ ರೂಪಾಯಿಯಗಲದ ಬೊಬ್ಬೆ.

"ಕೈ ಯಾಕ ಜಾಡಿಸಲಿಲ್ಲಪ್ಪಾ?"

"ಸತ್ತಾಂವ ಕೈ ಜಾಡಸ್ತಾನೇನು? ಅವರು ಖರೇನ ಗುಂಡು ತಿಂದಾರ. ನಂದೇನು, ಒಂದು ಕಿಡಿ."

ರಸ್ತೆಯಾಚೆಯ ಕ್ಲಿನಿಕ್ಕಿಗೆ ಎಲ್ಲರೂ ಕೂಡಿಯೇ ಹೋದರು. ಮುಲಾಮು ಹಚ್ಚುತ್ತ ನರ್ಸಮ್ಮ, "ಇದು ಹೆಂಗಾಯ್ತು?" ಎಂದರು. ಜಟ್ಟೆಪ್ಪ ಬಾಯಿ ತೆರೆಯುವ ಮೊದಲೇ ನಾಗರತ್ನಾ ಸ್ಟೂಲು ಎಳೆದುಕೊಂಡು ಕುಳಿತಳು. ಫಿರಂಗಿ ಹಾರಿದಲ್ಲಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳತೊಡಗಿದಳು.