ಅಲುಗದ ಗೇರು

ಐಲಿ ಮತ್ತೆ ಕೀಲಿ ತಿರುಗಿಸಿದಳು. ಸ್ಟಿಯರಿಂಗಿನ ಮುಂದೆ ಪುಟ್ಟ ದೀಪಗಳೇನೋ ಹತ್ತಿದವು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಗೇರಿನ ಹಿಡಿಯನ್ನು ಎಳೆದು ನೋಡಿದಳು. ಕಾರು ನಿಲ್ಲಿಸುವ 'ಪಿ' ಅಕ್ಷರದಿಂದ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಸೂಟ್‌ಕೇಸ್, ಹೊಲಿಗೆ ಯಂತ್ರ, ಬಟ್ಟೆಯಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು. ಸುಪೀರಿಯರ್ ಸರೋವರದಿಂದೆದ್ದ ಮಂಜು ಬರ್ಚ್ ಮರಗಳನ್ನೆಲ್ಲ ನುಂಗಿ ಕಾರಿನ ಗಾಜಿಗೆ ಬಂದು ಆತುಕೊಂಡಿತ್ತು. ಮನೆ ಎಲ್ಲೋ ನೀರಿನಡಿ ಇದ್ದಂತೆ ಕಾಣುತ್ತಿತ್ತು.

ನಿನ್ನೆ ಊಟದ ಹೊತ್ತಿಗೆ ಗಂಡನಿಗೆ ಹೇಳಿಯಾಗಿತ್ತು: "ಡುಲುತ್‌ಗೆ ಹೋಗ್ತೀನಿ, ಅಕ್ಕನ ಮನೆಗೆ. ವಾಪಸ್ ಬರೋದು ಗೊತ್ತಿಲ್ಲ." ಟೊಯಿವೊ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಲೇ ಕುಳಿತಿದ್ದ. ಊರಿನ ಕಾಗದದ ಗಿರಣಿ ಮುಚ್ಚಿದಂದಿನಿಂದ ಅವನ ಬಾಯಿಗೂ ಬೀಗ ಬಿದ್ದಿತ್ತು. ಗೋಡೆಯ ಜೊತೆ ಸಂಸಾರ ಮಾಡಿ ಅವಳಿಗೆ ಸಾಕಾಗಿತ್ತು.

ಮಂಜಿನೊಳಗಿಂದ ಅವನು ಚಪ್ಪಲಿ ಮೆಟ್ಟಿಕೊಂಡೇ ಬಂದು ಕಿಟಕಿಗೆ ಬಾಗಿದ.

"ಬ್ರೇಕ್ ಒತ್ತಿದೀಯಾ?"

"ನಿನ್ನೆ ಮೊನ್ನೆ ಕಲಿತವಳಿಗೆ ಹೇಳ್ದಂಗೆ ಹೇಳ್ಬೇಡ ಕಣೋ."

"ಒತ್ತೇ ಇರು." ಕಾರಿನ ಹಿಂದಿನಿಂದ ಅವನ ದನಿ ಮಾತ್ರ ಬಂತು. "ಹಿಂದಿನ ಬ್ರೇಕ್ ದೀಪ ಹತ್ತಿಲ್ಲ. ನೀನು ಒತ್ತಿದ್ದು ಕಾರಿಗೆ ಗೊತ್ತೇ ಆಗ್ತಿಲ್ಲ. ಅದಕ್ಕೇ ಗೇರು ಬಿಡ್ತಿಲ್ಲ."

"ಗೊತ್ತಾಗದೇ ಇರೋದು ಈ ಮನೇಲಿ ಕಾರಿಗೊಂದಕ್ಕೇ ಅಲ್ಲ ಬಿಡು."

ಟೊಯಿವೊ ಮುಂದೆ ಬಂದು ಅವಳ ಕಡೆಯ ಬಾಗಿಲು ತೆರೆದು, ಒದ್ದೆ ನೆಲದಲ್ಲಿ ಮಂಡಿಯೂರಿ, ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದ. ನರೆತ ಕೂದಲು ಅವಳ ಮೊಣಕಾಲಿಗೆ ತಾಗಿತು. ಕಾರು ಸರಿಯಾಗಲ್ಲ ಅಂತ ಈಗ ಅವನು ಒಂದು ಮಾತು ಹೇಳಿದರೂ ತಾನು ಸೂಟ್‌ಕೇಸ್ ಇಳಿಸಬೇಕಾಗುತ್ತದೆ ಅನ್ನಿಸಿತು. ಅವನು ಹೇಳಲಿ ಅನ್ನಿಸಿತೋ, ಹೇಳದಿರಲಿ ಅನ್ನಿಸಿತೋ, ಅವಳಿಗೇ ತಿಳಿಯಲಿಲ್ಲ.

"ಬ್ರೇಕ್ ದೀಪದ ಫ್ಯೂಸ್ ಸುಟ್ಟಿದೆ. ರೇಡಿಯೋದನ್ನ ಕಿತ್ತು ಇದಕ್ಕೆ ಹಾಕಿದೀನಿ. ದಾರೀಲಿ ನೀನೇ ಹಾಡ್ಕೋಬೇಕು."

ಎಷ್ಟೋ ಕಾಲದ ಮೇಲೆ ಅವನಾಡಿದ ತಮಾಷೆ. ಅವಳು ಬ್ರೇಕ್ ಒತ್ತಿದಳು. ಹಿಂದೆ ಮಂಜು ದಾಸವಾಳದಂತೆ ಕೆಂಪಾಯಿತು. ಗೇರು ಸಡಿಲಾಯಿತು, ಆದರೆ ಕೀಲಿ ತಿರುಗಿಸಿದರೆ ಎಂಜಿನ್ ಇನ್ನೂ ಸುಮ್ಮನೆ.

"'ಪಿ'ಯಲ್ಲಿ ಸ್ಟಾರ್ಟ್ ಮಾಡೋ ಸ್ವಿಚ್ಚು ಸವೆದಿದೆ. ನ್ಯೂಟ್ರಲ್ 'ಎನ್'ಗೆ ತಂದು ಕೀಲಿ ತಿರುಗಿಸು."

ಕಾರು ಒಮ್ಮೆ ಕೆಮ್ಮಿ ಎದ್ದಿತು.

ಟೊಯಿವೊ ಬಾಗಿಲು ಮುಚ್ಚಿದ, ಆದರೆ ಹೋಗಲಿಲ್ಲ. "ನಿನ್ನೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

"ಈಗ ಗೊತ್ತಾಯ್ತಾ?"

"ಇಲ್ಲ." ಅವನು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೆಳಿಗ್ಗೆ ಎಚ್ಚರ ಆದ್ರೆ ಗಿರಣಿ ಸೈರನ್ ಇರಲ್ಲ. ಎಲ್ಲಿದೀನಿ ಅಂತಾನೇ ತಿಳಿಯಲ್ಲ ಕಣೇ. ನಿನ್ನ ಪಾತ್ರೆ ಸದ್ದು ಕೇಳಿದ್ಮೇಲೆ ತಿಳಿಯುತ್ತೆ."

ಐಲಿ ರಸ್ತೆಯ ಕಡೆ ನೋಡಿದಳು. ರಸ್ತೆ ಇರಲಿಲ್ಲ, ಬರೀ ಬಿಳಿ. ಗೇರನ್ನು ಮುಂದಕ್ಕೆ ಓಡಿಸುವ 'ಡಿ'ಗೆ ಎಳೆದು ಬ್ರೇಕಿನಿಂದ ಕಾಲೆತ್ತಿದಳು. ಹಳೆಯ ಕಾರು ತನ್ನಷ್ಟಕ್ಕೆ ತಾನೇ, ಮನುಷ್ಯ ನಡೆಯುವಷ್ಟೇ ಮೆಲ್ಲಗೆ ತೆವಳತೊಡಗಿತು. ಟೊಯಿವೊ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದ.

"ಆಮೇಲೆ?" ಎಂದಳು ಐಲಿ. "ಇನ್ನೂ ಹೇಳು."

ಅವನು ಹೇಳುತ್ತ ಹೋದ. ಅವಳ ಕಾಲು ಆಕ್ಸಿಲರೇಟರಿನ ಮೇಲೆ ಹಗುರಾಗಿ ಇತ್ತು, ಒತ್ತಲಿಲ್ಲ. ಬೇಲಿಯ ಕಂಬಗಳು ಒಂದೊಂದಾಗಿ ಬಿಳಿಯೊಳಗಿಂದ ಎದ್ದು ಬಂದು, ಇಬ್ಬರನ್ನೂ ದಾಟಿ, ಮತ್ತೆ ಕರಗಿದವು.