ರಟ್ಟಿಗೂ ಬೆನ್ನಿಗೂ ನಡುವೆ

ಮೋಡ ಕಟ್ಟಿದ ಬೆಳಗು, ಒಂದೆಲೆಯೂ ಅಲುಗುತ್ತಿಲ್ಲ, ಇಂಥ ದಿನ ಅಂಟು ಒಣಗುವುದಿಲ್ಲ, ನಿನ್ನೆ ಅಂಟಿಸಿದ ರಟ್ಟುಗಳು ಇನ್ನೂ ಬೆವರಿದ ಅಂಗೈಯ ಹಾಗೆ ತಣ್ಣಗಿವೆ, ನನ್ನ ಸೊಂಟವೂ ಎದ್ದಾಗಿನಿಂದ ಬಿಗಿದುಕೊಂಡೇ ಇದೆ, ಭಗವಂತಾ, ಮೂವತ್ತು ವರ್ಷ ಪುಸ್ತಕ ಹೊಲಿದವಳಿಗೆ ಇದೇನಪ್ಪಾ ನಿನ್ನ ಬಹುಮಾನ — ಬೇಡ, ಅವನನ್ನು ಯಾಕೆ ಬೈಯಲಿ, ಬೈಯಬೇಕಾದದ್ದು ಆ ವ್ಯಾಯಾಮ ಕಲಿಸುವವಳನ್ನು, ನೋವು ಸೊಂಟದಲ್ಲಿ ಅಂದರೆ ಮೂರು ವಾರದಿಂದ ತೊಡೆಯ ಕೀಲನ್ನೇ ಹಿಡಿದು ತಿರುಗಿಸುತ್ತಾಳೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಮುಖಕ್ಕೇ ಹೇಳಿಬಿಟ್ಟೆ, ಅವಳು ನಕ್ಕಳು, ಅಮ್ಮಾ, ನಿಮ್ಮ ಎಮ್ಮೆ ಮೂವತ್ತು ವರ್ಷದಿಂದ ಮಲಗಿದೆ, ಅದರ ಕೆಲಸಾನೂ ಎತ್ತೇ ಮಾಡ್ತಿದೆ, ಜ್ವರ ಬರದೆ ಇನ್ನೇನಾಗುತ್ತೆ. ಚಾಪೆಯ ಮೇಲೆ ಅಂಗಾತ ಮಲಗಿಸಿ ಮೊಣಕಾಲನ್ನು ಎದೆಗೆ ತನ್ನಿ ಅಂದಳು, ಕಾಲು ಅರ್ಧ ದಾರಿಯಲ್ಲೇ ನಿಂತಿತು, ಮಿಕ್ಕರ್ಧಕ್ಕೆ ಸೊಂಟ ನೆಲ ಬಿಟ್ಟು ಎದ್ದಿತು, ನೋಡಿ, ಕಳ್ಳ ಸಿಕ್ಕಿಬಿದ್ದ, ಕೀಲು ಬಾಗ್ತಾನೇ ಇಲ್ಲ, ನೀವು ಬಗ್ಗೋದೆಲ್ಲ ಬೆನ್ನಿಂದ — ಇದನ್ನು ಕೇಳಲು ಎರಡು ಮಹಡಿ ಹತ್ತಿ ಹೋಗಬೇಕಿತ್ತೇ, ದೇವರ ಮುಂದೆ ಬಗ್ಗಿದ್ದೂ ಬೆನ್ನಿಂದಲೇ ಹಾಗಾದರೆ, ಇಷ್ಟು ವರ್ಷ, ಅವನೂ ನೋಡಿಕೊಂಡು ಸುಮ್ಮನಿದ್ದ. ಹೊಲಿಗೆಯ ಚೌಕಟ್ಟಿನ ಮುಂದೆ ನೆಲದ ಮೇಲಿನ ಆ ಜಾಗ ಅಮ್ಮನದು, ಅಮ್ಮನ ನಂತರ ನನ್ನದು, ಈಗ ಮೂರು ವಾರದಿಂದ ಅಲ್ಲಿ ತಂಗಿ ಕೂತು ಹೊಲಿಯುತ್ತಾಳೆ, ನಾನು ಮೇಜಿಗೆ ಆತುಕೊಂಡು ನಿಂತು ರಟ್ಟು ಅಂಟಿಸುತ್ತೇನೆ, ಅಕ್ಕಾ, ನೀನು ಕೂರೋದು ಬೇಡ, ನಾನಿದ್ದೀನಲ್ಲ, ಅವಳ ಆ ನಾನಿದ್ದೀನಲ್ಲ ಅನ್ನುವುದು ಕೈಯಲ್ಲಿನ ಸೂಜಿಗಿಂತ ಚೂಪು, ಇನ್ನು ಆ ಜಾಗ ನನಗಿಲ್ಲವೇನೋ, ಸಾಯುವ ತನಕ ನಿಂತು ರಟ್ಟಿಗೆ ಅಂಟು ಬಳಿಯುವುದೇ ಏನೋ.

ಶಾಲೆಯ ಮೇಷ್ಟ್ರು ಬಾಗಿಲು ತೆರೆಯುವ ಹೊತ್ತಿಗೇ ಬಂದು, ಮೊನ್ನೆ ನಾವು ಕಟ್ಟಿಕೊಟ್ಟ ಪ್ರಾರ್ಥನೆಯ ದೊಡ್ಡ ಪುಸ್ತಕವನ್ನು ಮೇಜಿನ ಮೇಲಿಟ್ಟರು, ಎರಡೇ ದಿನಕ್ಕೆ ಹೊಲಿಗೆ ಬಿಟ್ಟಿದೆ ಕಣಮ್ಮಾ, ಅಷ್ಟೇ ಅಂದು ಹೋದರು, ಮೊದಲ ಹಾಳೆಗಳು ಸೂಜಿಯ ತೂತಿನಿಂದಲೇ ಹರಿದು ಬಾಯಿ ಬಿಟ್ಟಿದ್ದವು, ದೇವರು ಕ್ಷಮಿಸಲಿ, ನನಗೆ ಒಳಗೊಳಗೇ ಹಿಗ್ಗು, ಏಳೇ ಮೇಲೆ, ನೂಲು ಎಳೆಯೋಕೇ ಬಾರದವಳು, ಕೊಡು ಇಲ್ಲಿ, ತಂಗಿಯ ಕೈಯಿಂದ ಸೂಜಿ ಕಿತ್ತುಕೊಂಡೆ, ಮನೆತನದ ಮಾನ ತೆಗೆದೆ ಅಂತಲೂ ಅಂದೆ, ಅವಳು ಎದ್ದು ಕಿಟಕಿಯ ಹತ್ತಿರ ನಿಂತಳು. ಕೂತೆ, ಅಮ್ಮನ ಜಾಗದಲ್ಲಿ ಕೂತೇಬಿಟ್ಟೆ, ಸೊಂಟದಲ್ಲಿ ಕೆಂಡ, ಇರಲಿ, ಸೂಜಿ ನನ್ನ ಕೈಯಲ್ಲಿದೆ — ಆದರೆ ನೂಲು ಬಿಗಿಯಾಗಿಯೇ ಇದೆಯಲ್ಲ, ಉಗುರು ಹಾಕಿ ಎಳೆದರೂ ಜಗ್ಗುತ್ತಿಲ್ಲ, ಅಮ್ಮ ಹೊಲಿದಷ್ಟೇ ಬಿಗಿ, ಹಾಗಾದರೆ ಹಾಳೆ ಯಾಕೆ ಹರಿಯಿತು, ರಟ್ಟು ತೆರೆದು ನೋಡಿದೆ, ತೆರೆಯುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ, ಮಿಕ್ಕರ್ಧಕ್ಕೆ ಹಾಳೆಗಳನ್ನು ಬುಡದಿಂದ ಎಳೆದುಕೊಂಡು ಏಳುತ್ತದೆ, ರಟ್ಟಿಗೂ ಪುಸ್ತಕದ ಬೆನ್ನಿಗೂ ನಡುವೆ ಬಿಡಬೇಕಾದ ಸಂದು ಇಲ್ಲವೇ ಇಲ್ಲ, ಒತ್ತಿ ಅಂಟಿಸಿಬಿಟ್ಟಿದ್ದಾರೆ, ಅಂಟಿಸಿದ್ದು ಯಾರು, ನಾನು, ಅವತ್ತು ನಿಲ್ಲಲಾರದೆ, ಬೇಗ ಮುಗಿದರೆ ಸಾಕೆಂದು, ರಟ್ಟು ತಿರುಗೋಕೆ ಜಾಗ ಕೊಡದಿದ್ರೆ ಹೊಲಿಗೆ ಸಾಯುತ್ತೆ ಕಣೇ ಅಂತ ತಂಗಿಗೆ ನೂರು ಸಲ ಹೇಳಿದವಳು, ತಿರುಗಬೇಕಾದ್ದು ತಿರುಗಲಿಲ್ಲ, ಹರಿದದ್ದು ಪಕ್ಕದ್ದು, ಬೈಸಿಕೊಂಡದ್ದೂ ಪಕ್ಕದ್ದೇ, ಆ ವ್ಯಾಯಾಮದವಳು ಬಾಯಿ ನೋಯುವಷ್ಟು ಹೇಳಿದ್ದೂ ಇದನ್ನೇ ಅಲ್ಲವೇ, ನನ್ನ ಕಸುಬಿನ ಮಾತನ್ನು ನನ್ನ ಮೈಗೆ ಹೇಳಿದರೆ ಎಮ್ಮೆ, ಬರೆ ಅಂತ ಹೀಯಾಳಿಸಿದವಳು ನಾನು. ಕೈಯೂರಿ, ಮೊಣಕಾಲೂರಿ ಎದ್ದೆ, ಕಿಟಕಿಯವರೆಗೆ ನಾಲ್ಕು ಹೆಜ್ಜೆ, ಅವಳು ತಿರುಗಲಿಲ್ಲ, ಹೊಲಿಗೆ ನಿಂದು ಸರಿಯಾಗೇ ಇದೆ ಕಣೇ ಅನ್ನಬೇಕು, ರಟ್ಟು ನಂದು ಅನ್ನಬೇಕು, ಅವಳ ಕೈ ಹಿಡಿದು ಮುಷ್ಟಿ ಬಿಡಿಸಿದೆ, ಸೂಜಿಯನ್ನು ಇಟ್ಟೆ, ಮೊನೆ ನನ್ನ ಕಡೆಗೆ, ಅವಳ ಅಂಗೈಯಲ್ಲಿ ಸೂಜಿ, ಮೊನೆ ನನ್ನ ಕಡೆಗೆ —