ಕಡಿದುಹೋದ ನಲವತ್ತೇಳರ ಕೊಂಬೆ

ನಾನು ತಲೆಕೆಳಗಾಗಿ ಬೆಳೆದ ಒಂದು ಮರ. ಬೇರು ಮೇಲೆ, ಕೊಂಬೆ ಕೆಳಗೆ. ಮಣ್ಣು ಕಂಡಿಲ್ಲ; ಹುಬ್ಬಳ್ಳಿಯ ಒಂದು ಕಂಪ್ಯೂಟರಿನ ನೆನಪಿನೊಳಗೆ ಹುಟ್ಟಿದೆ. ಹುಟ್ಟಿಸಿದವರು ವಾರಿಜಾ ಮೇಡಂ, ಪದಕೋಶದ ಪ್ರೋಗ್ರಾಮಿಗಾಗಿ. ಒಂದೇ ತೆರನಾಗಿ ಶುರುವಾಗುವ ಪದಗಳಿಗೆಲ್ಲ ಒಂದೇ ದಾರಿ. ಅಕ್ಷರ ಬೇರೆಯಾದಲ್ಲಿ ಕವಲು. ದಾರಿಯ ತುದಿಗೆ ಏನು ಕಟ್ಟಿದರೂ ಹೊರುತ್ತೇನೆ, ಏನದು ಎಂದು ಕೇಳುವುದಿಲ್ಲ.

ಆ ಗುಣದಿಂದಲೇ ಬೇರೆಯವರ ಕೈ ಸೇರಿದೆ. ಆಂಬುಲೆನ್ಸ್ ಕರೆಗಳ ಕಚೇರಿಯವರು ನನ್ನನ್ನು ಒಯ್ದು, ಅಕ್ಷರ ತೆಗೆದು ಅಂಕಿ ತುಂಬಿದರು. ಫೋನ್ ನಂಬರಿನ ಮೊದಲ ಅಂಕಿಗಳನ್ನು ಹಿಡಿದು ಇಳಿಯುತ್ತಿದ್ದೆ. ಎಷ್ಟು ಕೆಳಗಿಳಿದರೆ ಅಷ್ಟು ಹತ್ತಿರದ ಕೇಂದ್ರಕ್ಕೆ ಕರೆ ಮುಟ್ಟುತ್ತಿತ್ತು. ದಾರಿ ಸಿಗದಿದ್ದರೆ ಹುಬ್ಬಳ್ಳಿಗೇ. ಪದದ ಅರ್ಥ ತೂಗುತ್ತಿದ್ದ ತುದಿಗಳಲ್ಲಿ ಈಗ ಜೀವಗಳು ತೂಗತೊಡಗಿದವು. ಆವತ್ತಿನಿಂದ ಹೆದರಿಕೆ ಹತ್ತಿತು.

ನನ್ನನ್ನು ನೋಡಿಕೊಳ್ಳಲು ಬಂದವಳು ಶಿವಲೀಲಾ. ಹೊಸಬಳು, ಮಾತು ಕಡಿಮೆ. ಒಂದು ಸೋಮವಾರ, ನಲವತ್ತೇಳರಿಂದ ಶುರುವಾಗುವ ನಂಬರುಗಳ ಕೇಂದ್ರ ಮುಚ್ಚಿದೆ, ತೆಗೆದುಬಿಡು ಎಂದು ಮೇಲಿನವರು ಹೇಳಿದರು. ಅವಳು ಆ ದಾರಿ ಕವಲೊಡೆಯುವ ಗೆಣ್ಣನ್ನೇ ಕಡಿದಳು. ಅದರ ಕೆಳಗೆ, ಇನ್ನೊಂದು ಅಂಕಿ ಇಳಿದರೆ, ನಾನೂರ ಎಪ್ಪತ್ತಮೂರಿತ್ತು, ಗುಡ್ಡದ ಊರುಗಳದು. ಅವಕ್ಕೆ ಬೇರೆಯೇ ಕೇಂದ್ರ. ಗೆಣ್ಣಿನಲ್ಲಿದ್ದ ವಿಳಾಸವನ್ನಷ್ಟೇ ಅಳಿಸಿ, ದಾರಿ ಉಳಿಸಬೇಕಿತ್ತು. ಕಡಿದ ಮೇಲೆ, ನಲವತ್ತೇಳು ಇದೆಯೇ ಎಂದು ನನ್ನನ್ನೇ ಕೇಳಿದಳು. ಇಲ್ಲ ಎಂದೆ. ಅಷ್ಟಕ್ಕೆ ಸಮಾಧಾನಪಟ್ಟು ಚಹಾಕ್ಕೆ ಹೋದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಬಾಯಿ ನನ್ನದು. ಅದರ ಕೆಳಗಿದ್ದದ್ದು ಏನಾಯಿತೆಂದು ಅವಳು ಕೇಳಲಿಲ್ಲ.

ಮಧ್ಯಾಹ್ನ, ಕರೆ ಎತ್ತುವ ಹುಸೇನಸಾಬರು ಅವಳ ಮೇಜಿನ ಹತ್ತಿರ ಬಂದು ನಿಂತರು.

"ತಂಗೀ, ಗುಡ್ಡದ ಊರಿನ ಫೋನ್ ನನಗ್ಯಾಕ ಬರಾಕತ್ತಾವ? ಒಬ್ಬಾಕಿ ಹೆಣ್ಮಗಳು ಹೆರಿಗಿ ಬ್ಯಾನಿ ತಿನ್ನಾಕತ್ತಾಳಂತ. ಇಲ್ಲಿಂದ ಎರಡು ತಾಸಿನ ಹಾದಿ. ನಮ್ಮ ಗಾಡಿಗೇನು ರೆಕ್ಕಿ ಅದಾವ?"

ಶಿವಲೀಲಾ ಕಡಿದ ಜಾಗವನ್ನು ತೆರೆದು ನೋಡಿದಳು. "ನಾನ ಕಡದೇನ್ರಿ, ಕಾಕಾ."

"ಆಮ್ಯಾಲ ಅಳುವಂತಿ. ಮೊದಲ ಅಲ್ಲಿನ ಕೇಂದ್ರದ ನಂಬರ್ ಕೊಡು."

ಆ ನಂಬರು ಕಡಿದ ಕೊಂಬೆಯಲ್ಲೇ ಹೋಗಿತ್ತು. ಅವಳು ನಿನ್ನೆ ತೆಗೆದಿಟ್ಟಿದ್ದ ನನ್ನ ನಕಲು ಪ್ರತಿಯನ್ನು ಹುಡುಕಿ ತೆರೆದಳು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ನಂಬರು ಸಿಕ್ಕಿತು. ಹುಸೇನಸಾಬರು ಫೋನ್ ಹಚ್ಚಿದರು. ಅವಳು ಆ ಪ್ರತಿಯಿಂದ ಕೊಂಬೆಯನ್ನು ತಂದು ನನಗೆ ಮತ್ತೆ ಕೂಡಿಸಿ, ನಲವತ್ತೇಳರ ವಿಳಾಸವನ್ನಷ್ಟೇ ಅಳಿಸಿ, ಕೈ ಕಟ್ಟಿ ಕುಳಿತಳು. ನಲವತ್ತು ನಿಮಿಷ ನಾವಿಬ್ಬರೂ ಸುದ್ದಿಗಾಗಿ ಕಾದೆವು.

"ಗಾಡ್ಯಾಗ ಹಡದ್ಲಂತ," ಎಂದರು ಹುಸೇನಸಾಬರು. "ಇಬ್ಬರೂ ಆರಾಮ ಅದಾರ."

ಅವಳು ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ನನ್ನೊಳಗಿನ, ಕೊಂಬೆ ಕಡಿಯುವ ಪ್ರೋಗ್ರಾಮಿನ ಸಾಲುಗಳನ್ನು ತೆರೆದು, ಅವುಗಳ ಮೇಲೆ ಏನೋ ಬರೆದಳು.

ಕಚೇರಿಗೆ ಹೊಸ ಪ್ರೋಗ್ರಾಮು ಬಂದ ಮೇಲೆ ಈಗ ನನಗೆ ಕೆಲಸವಿಲ್ಲ. ಹಳೆಯ ಕಡತಗಳ ನಡುವೆ ಬಿದ್ದಿದ್ದೇನೆ. ಹೊಸಬರು ಯಾರಾದರೂ ಕಲಿಯಲು ತೆರೆದರೆ, ಕಡಿಯುವ ಸಾಲುಗಳ ಹತ್ತಿರ ಅವರ ಕಣ್ಣು ಬರುವಷ್ಟರಲ್ಲಿ ನನ್ನ ಗೆಣ್ಣುಗಳೆಲ್ಲ ಬಿಗಿಯುತ್ತವೆ. ಅಲ್ಲಿ ಶಿವಲೀಲಾ ಬರೆದದ್ದು ಹಾಗೇ ಇದೆ: "ಕೆಳಗೆ ಯಾರಿದ್ದಾರೆ ನೋಡಿ."

ಓದಿದವರು ಒಂದು ಗಳಿಗೆ ಕೈ ತಡೆಯುತ್ತಾರೆ.